ಐಗೂರು ಏರಿನಲ್ಲಿ ತೊಳೆದ ಬಟ್ಟಲು

ನನಗೆ ಯಾವ ವಾಹನವನ್ನೂ ಓಡಿಸಲು ಬರುವುದಿಲ್ಲ. ಸೈಕಲ್ ಕೂಡ ಬರುವುದಿಲ್ಲ. ಆದರೆ ಹಳೆಯ ಮಿಲಿಟರಿ ಜೀಪಿನ ಏರ್ ಕ್ಲೀನರನ್ನು ಬಿಚ್ಚಿ, ತೊಳೆದು, ಎಣ್ಣೆ ತುಂಬಿ, ಮತ್ತೆ ಅದರ ಜಾಗದಲ್ಲಿ ಕೂರಿಸಲು ಚೆನ್ನಾಗಿ ಬರುತ್ತದೆ. ಅಡುಗೆಯ ಗಂಧಗಾಳಿ ಇಲ್ಲದವಳು ಪಾತ್ರೆ ಬೆಳಗುವುದರಲ್ಲಿ ಮಾತ್ರ ಹೆಸರು ಮಾಡಿದ ಹಾಗೆ ಇದು. ಈ ವಿದ್ಯೆಯನ್ನು ನಾನು ಯಾರಲ್ಲೂ ಹೇಳಿಕೊಂಡವಳಲ್ಲ. ಹೇಳಿಕೊಂಡರೆ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಕಲಿತದ್ದು ಹೇಗೆಂದು ಹೇಳಲು ಹೊರಟರೆ ನನ್ನ ಇಬ್ಬರು ಸೋದರರ ಕತೆ ಹೇಳಬೇಕಾಗುತ್ತದೆ. ಈಗ ಅವರಿಬ್ಬರೂ ಇಲ್ಲ, ಜೀಪೂ ಇಲ್ಲ. ಹಾಗಾಗಿ ಹೇಳಬಹುದು ಅನ್ನಿಸುತ್ತಿದೆ.

ಕೊಡಗು ಇನ್ನೂ ಸ್ವಂತ ರಾಜ್ಯವಾಗಿದ್ದ ಕಾಲ. ಅಂಗೈಯಗಲದ ರಾಜ್ಯ ನಮ್ಮದು. ನಮ್ಮ ಕುಶಾಲನಗರವನ್ನು ಹೆಚ್ಚಿನವರು ಆಗ ಫ್ರೇಜರ್‌ಪೇಟೆ ಎಂದೇ ಕರೆಯುತ್ತಿದ್ದರು. ಕಾವೇರಿ ಸೇತುವೆ ದಾಟಿದರೆ ಆಚೆ ಮೈಸೂರು ರಾಜ್ಯ. ಬಟ್ಟೆ ಒಗೆಯುವಾಗ ಸೀರೆ ಕೈಜಾರಿದರೆ ಪರರಾಜ್ಯದ ದಡ ಸೇರುತ್ತದೆಂದು ನಾವು ಹೆಂಗಸರು ನಗಾಡುತ್ತಿದ್ದೆವು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಇಲ್ಲಿ ದಿನಸಿ ಅಂಗಡಿ ಇಟ್ಟವರು. ಅಣ್ಣ ಚನ್ನಬಸಪ್ಪ ಅಂಗಡಿ ನೋಡಿಕೊಳ್ಳುತ್ತಿದ್ದ. ತಮ್ಮ ಮಾದೇವ ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಎಸ್ಟೇಟುಗಳಿಗೆ ಅಕ್ಕಿ, ರಾಗಿ, ಬೆಲ್ಲ ಮುಟ್ಟಿಸಿ ಬರುತ್ತಿದ್ದ. ನನ್ನನ್ನು ಅದೇ ಊರಿನಲ್ಲಿ ಎರಡು ಬೀದಿ ಆಚೆ ಕೊಟ್ಟಿದ್ದರು. ತವರು ಇಷ್ಟು ಹತ್ತಿರವಿದ್ದರೆ ಸುಖವೆಂದು ಜನ ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ, ತವರಿನ ಜಗಳಗಳೆಲ್ಲ ಬಿಸಿ ಆರುವ ಮೊದಲೇ ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಜೀಪುಗಳಲ್ಲಿ ಒಂದನ್ನು ಅಣ್ಣತಮ್ಮ ಸೇರಿ ಕೊಂಡರು. ಮಾದೇವನಿಗೆ ಅದು ಕುದುರೆ. ಅಣ್ಣನಿಗೆ ಅದು ಹಸು. ತಮ್ಮ ಅದನ್ನು ಹತ್ತಿ ಓಡಿಸುತ್ತಿದ್ದ, ಅಣ್ಣ ಅದರ ಮೈ ತೊಳೆಯುತ್ತಿದ್ದ. ಅದರಲ್ಲೂ ಏರ್ ಕ್ಲೀನರ್ ಎಂದರೆ ಅಣ್ಣನಿಗೆ ಪೂಜೆಗೆ ಸಮ. ಬಾನೆಟ್ ಎತ್ತಿದರೆ ಒಂದು ಪಕ್ಕದಲ್ಲಿ ಡಬ್ಬಿಯಂಥದ್ದು ಕಾಣುತ್ತದೆ. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ ಮೊದಲು ಅದರೊಳಗೆ ಹೊಕ್ಕು, ತಳದ ಬಟ್ಟಲಿನಲ್ಲಿರುವ ಎಣ್ಣೆಯನ್ನು ಸವರಿಕೊಂಡು, ತಂತಿ ಜಾಲರಿಯ ಮೂಲಕ ಹಾದು ಹೋಗಬೇಕು. ಧೂಳೆಲ್ಲ ಎಣ್ಣೆಗೂ ಜಾಲರಿಗೂ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಇಷ್ಟೇ ಅದರ ಕತೆ. ಈಗಿನ ವಾಹನಗಳಲ್ಲಿ ಕಾಗದದ್ದು ಇರುತ್ತದಂತೆ. ಕೊಳೆಯಾದರೆ ಎಸೆದು ಹೊಸದು ಹಾಕುತ್ತಾರಂತೆ. ಆಗ ಎಸೆಯುವ ಮಾತಿಲ್ಲ. ಬಟ್ಟಲನ್ನು ಬಿಚ್ಚಬೇಕು, ಕೆಸರಾದ ಎಣ್ಣೆ ಚೆಲ್ಲಬೇಕು, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆಯಬೇಕು, ಒಳಗೆ ಕೊರೆದಿರುವ ಗೀಟಿನ ತನಕ ಹೊಸ ಎಣ್ಣೆ ಹೊಯ್ದು ಮತ್ತೆ ಕೂರಿಸಬೇಕು. ಗೀಟು ದಾಟಿದರೆ ಎಂಜಿನ್ ಎಣ್ಣೆಯನ್ನೇ ಕುಡಿದು ಹೊಗೆ ಕಕ್ಕುತ್ತದೆ. ಕಡಿಮೆಯಾದರೆ ಧೂಳು ತಿಂದು ಸವೆಯುತ್ತದೆ.

ನಮ್ಮ ನಾಡಿನಲ್ಲಿ ಅರ್ಧ ವರ್ಷ ಮಳೆ, ಇನ್ನರ್ಧ ವರ್ಷ ಧೂಳು. ಮಳೆಯ ಬಗ್ಗೆ ಬರೆಯದವರಿಲ್ಲ. ಧೂಳನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಎಸ್ಟೇಟು ರಸ್ತೆಗಳ ಕೆಂಪು ಧೂಳು ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಕೂರುತ್ತಿತ್ತು. ಮಾದೇವ ಮನೆಗೆ ಬಂದಾಗ ಹಲ್ಲು ಮಾತ್ರ ಅವನದೆಂದು ಗುರುತು ಸಿಗುತ್ತಿತ್ತು. ದೇವರು ಮೂಗಿನೊಳಗೆ ಕೂದಲು ಬೆಳೆಸಿದ್ದು ಈ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು.

ಆ ವರ್ಷ ಮಾದೇವನ ಹೆಂಡತಿ ನೀಲ ಚೊಚ್ಚಲ ಬಾಣಂತನಕ್ಕೆ ಕೊಡ್ಲಿಪೇಟೆಯ ತವರಿಗೆ ಹೋದಳು. ಮಗು ಹುಟ್ಟಿತು, ಒಂದು ಹಗಲು ಕೂಡ ಪೂರ್ತಿ ಉಳಿಯಲಿಲ್ಲ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಮಾದೇವ ಅವತ್ತೇ ಹೊರಡುತ್ತಾನೆಂದು ನಾನು ಅಂದುಕೊಂಡೆ. ಹೊರಡಲಿಲ್ಲ. ನಾಳೆ ಎಂದ. ಆಮೇಲೆ ಸಂತೆ ಕಳೆಯಲಿ ಎಂದ. ಎಸ್ಟೇಟುಗಳಲ್ಲಿ ಕಾಫಿ ಪಿಕ್ಕಿಂಗ್ ಶುರುವಾಗಿದೆ, ಕೂಲಿಯವರ ಲೈನುಮನೆಗಳಿಗೆ ಅಕ್ಕಿ ಮುಟ್ಟಿಸದಿದ್ದರೆ ಅವರು ಏನು ಉಣ್ಣಬೇಕು ಎಂದ. ದಿನಾ ಜೀಪು ತೆಗೆದುಕೊಂಡು ಹೋಗುತ್ತಿದ್ದ, ಅಣ್ಣನಿಗೆ ಅದನ್ನು ತೊಳೆಯಲು ಬಿಡುವೂ ಕೊಡುತ್ತಿರಲಿಲ್ಲ. ಕೊಡ್ಲಿಪೇಟೆ ಉತ್ತರಕ್ಕೆ, ಅವನು ಹೋಗುತ್ತಿದ್ದುದೆಲ್ಲ ದಕ್ಷಿಣಕ್ಕೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಣ್ಣ ಏರ್ ಕ್ಲೀನರ್ ಬಿಚ್ಚಿ ನೋಡಿದ. ಬಟ್ಟಲಿನಲ್ಲಿ ಎಣ್ಣೆ ಇರಲಿಲ್ಲ, ಮುದ್ದೆಯ ಹಾಗೆ ಕೆಸರಿತ್ತು. ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಅಣ್ಣ ಬಟ್ಟಲನ್ನು ಎತ್ತಿ ಹಿಡಿದು, "ಕೈಗೆ ಬಂದದ್ದು ಒಂದನ್ನಾದರೂ ಜೋಪಾನ ಮಾಡಿದ್ದೀಯೇನೋ ನೀನು?" ಎಂದ.

ಅವನು ಹೇಳಿದ್ದು ಬಟ್ಟಲಿನ ಮಾತು. ಆದರೆ ಅಲ್ಲಿದ್ದವರಿಗೆಲ್ಲ ಬೇರೆ ಏನೋ ಕೇಳಿಸಿತು. ಗಿರಾಕಿಗಳು ತಲೆ ತಗ್ಗಿಸಿದರು. ಮಾದೇವ ಒಳಗೆ ಹೋದ. ಅಣ್ಣನಿಗೆ ತಾನೇನು ಅಂದೆನೆಂದು ಆಮೇಲೆ ಹೊಳೆದಿರಬೇಕು. ಹೊಳೆದ ಮೇಲೆ ಅದನ್ನು ತಿದ್ದುವುದು ಹೇಗೆಂದು ತೋಚದೆ, ಗಂಡಸರು ಮಾಡುವಂತೆ, ಇನ್ನಷ್ಟು ಬಿಗಿದುಕೊಂಡ. ಕೆಸರಿನ ಸಮೇತ ಬಟ್ಟಲನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿ, "ಇನ್ನು ಮೇಲೆ ಆ ಬಟ್ಟಲನ್ನ ನಾನು ಮುಟ್ಟಲ್ಲ" ಎಂದು ಸಾರಿಬಿಟ್ಟ. ತಮ್ಮನೂ ಮುಟ್ಟಲಿಲ್ಲ.

ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಮನೆ, ಒಂದೇ ಒಲೆ. ಹಜಾರದ ಕಂಬಕ್ಕೆ ಹೇಳುವ ಹಾಗೆ ಅಣ್ಣ, "ನಾಳೆ ಪಾಲಿಬೆಟ್ಟಕ್ಕೆ ರಾಗಿ ಹೋಗಬೇಕು" ಅನ್ನುವನು. ಮಾದೇವ ಅದೇ ಕಂಬಕ್ಕೆ, "ರಾಗಿ ಕಟ್ಟಿ ಆಗಿದೆ" ಅನ್ನುವನು. ನಾನು ಹೋದ ದಿನ ಕಂಬಕ್ಕೆ ರಜೆ. "ಗಿರಿಜಾ, ಅವನಿಗೆ ಹೇಳು." "ಅಕ್ಕಾ, ಅವರಿಗೆ ಹೇಳು." ಇಬ್ಬರೂ ನನ್ನ ಎರಡು ಮಗ್ಗುಲಲ್ಲೇ ಕೂತಿರುತ್ತಿದ್ದರು. ಹಳಗನ್ನಡದಲ್ಲಿ ಉಸುರು ಎಂದರೆ ಹೇಳು, ನುಡಿ ಎಂದು ಅರ್ಥ. ನಮ್ಮ ಶಾಲೆಯ ಪಂಡಿತರು ಇದನ್ನು ಹೇಳಿಕೊಟ್ಟಾಗ ನಾನು ಬಾಯಿಪಾಠ ಮಾಡಿ ಮರೆತಿದ್ದೆ. ಉಸಿರು, ಉಸುರು, ಎರಡೂ ಒಂದೇ ಮನೆಯ ಮಾತುಗಳು. ಮಾತು ನಿಂತ ಮನೆಯಲ್ಲಿ ಕೂತಾಗ ಎದೆ ಯಾಕೆ ಕಟ್ಟುತ್ತದೆಂದು ನನಗೆ ಆ ಬೇಸಿಗೆಯಲ್ಲಿ ಗೊತ್ತಾಯಿತು.

ಅಷ್ಟರಲ್ಲಿ ಸೋಮವಾರಪೇಟೆ ಸಂತೆಯಲ್ಲಿ ಸಿಕ್ಕಿದವರೊಬ್ಬರ ಬಾಯಲ್ಲಿ ನೀಲಳ ತಂದೆ ಹೇಳಿಕಳಿಸಿದರು: ಬರುವ ಗುರುವಾರ ಬಂದು ಕರೆದುಕೊಂಡು ಹೋದರೆ ಸರಿ, ಇಲ್ಲವಾದರೆ ಇನ್ನು ಬರುವ ಶ್ರಮ ತೆಗೆದುಕೊಳ್ಳುವುದು ಬೇಡ. ಅವರು ಹೆಚ್ಚು ಮಾತಿನವರಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರೂ ಅಲ್ಲ. ಸೊಸೆಯನ್ನು ಕರೆತರಲು ಮನೆಯ ಹಿರಿಯನೇ ಹೋಗಬೇಕು, ಗಂಡನೂ ಹೋಗಬೇಕು. ಮಾತಿಲ್ಲದ ಇಬ್ಬರು ಒಂದೇ ಜೀಪಿನಲ್ಲಿ ಅಷ್ಟು ದೂರ ಹೋಗುವುದು ಹೇಗೆ? ನಡುವೆ ಒಂದು ಕಂಬ ಬೇಕು. ಹಾಗೆ ನಾನೂ ಹೊರಟೆ.

ಗುರುವಾರ ಬೆಳಿಗ್ಗೆ ಅಣ್ಣ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಮುಂದೆ ಕೂತ. ಮಾದೇವ ಸ್ಟಿಯರಿಂಗ್ ಹಿಡಿದ. ಹಿಂದೆ ನಾನು, ಅತ್ತಿಗೆ ಕಟ್ಟಿಕೊಟ್ಟ ಅಕ್ಕಿರೊಟ್ಟಿಯ ಗಂಟು, ನೀಲಳಿಗೆಂದು ತೆಗೆದ ಒಂದು ಸೀರೆ. ಹೊರಟಾಗಲೇ ಜೀಪು ಗೂರಲು ಹತ್ತಿದವರ ಹಾಗೆ ಏದುತ್ತಿತ್ತು. ಕಾಜೂರಿನ ಕಾಡು ಹೇಗೋ ದಾಟಿತು. ಐಗೂರಿನ ಏರು ಹತ್ತುವಾಗ ಹಿಂದಿನಿಂದ ಕಪ್ಪು ಹೊಗೆ, ಮೂಗಿಗೆ ಪೆಟ್ರೋಲಿನ ವಾಸನೆ. ಆಕ್ಸಿಲರೇಟರ್ ತುಳಿದಷ್ಟೂ ಜೀಪು ಹಿಂಜರಿಯಿತು. ಕೊನೆಗೆ ಒಂದು ತಿರುವಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು.

ಇಬ್ಬರೂ ಇಳಿದು ಬಾನೆಟ್ ಎತ್ತಿದರು. ಏನಾಗಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಡಬ್ಬಿಯನ್ನೇ ನೋಡುತ್ತ ನಿಂತರು, ಮುಟ್ಟಲಿಲ್ಲ. ಬಿಸಿಲು ಏರುತ್ತಿತ್ತು. ಮೇಲಿನ ತೋಟದಲ್ಲಿ ಯಾರೋ ಸೌದೆ ಒಡೆಯುವ ಸದ್ದು. ನನಗೆ ಎಲ್ಲಿತ್ತೋ ಸಿಟ್ಟು, ಇಳಿದು ಬಂದು ಇಬ್ಬರ ನಡುವೆ ತಲೆ ತೂರಿಸಿ, ಬಟ್ಟಲನ್ನು ಬಿಗಿದಿದ್ದ ಎರಡು ಕಿವಿಯ ನಟ್ಟನ್ನು ನಾನೇ ತಿರುಗಿಸಿದೆ. ಬಟ್ಟಲು ಕಳಚಿ ಸೆರಗಿನ ಮೇಲೆ ಬಿತ್ತು. ಕಪ್ಪು ಕೆಸರು ರೇಷ್ಮೆ ಸೀರೆಯುದ್ದಕ್ಕೂ ಇಳಿಯಿತು. ಒಳಗಿನ ಜಾಲರಿಯಲ್ಲಿ ಕಾಫಿಯ ಹೊಟ್ಟು, ಹುಳದ ರೆಕ್ಕೆ, ಕೆಂಪು ಮಣ್ಣು ಹೆಪ್ಪುಗಟ್ಟಿ ಗಾಳಿಯಾಡಲು ಸೂಜಿಮೊನೆಯಷ್ಟು ಜಾಗವಿರಲಿಲ್ಲ.

"ನೋಡಿ, ಕಣ್ತುಂಬ ನೋಡಿ" ಎಂದೆ. "ಇದರಲ್ಲಿ ಯಾರ ಧೂಳು ಎಷ್ಟು ಅಂತ ಪಾಲು ಮಾಡಿಕೊಳ್ಳಿ. ನಾನು ಇಲ್ಲೇ ಕಾಯ್ತೀನಿ."

ಆಗ ಮೊದಲು ಬಾಯಿ ಬಿಟ್ಟವನು ಅಣ್ಣ. ನನ್ನ ಕಡೆಗಲ್ಲ, ಕಂಬದ ಕಡೆಗಲ್ಲ, ಮಾದೇವನ ಮುಖ ನೋಡಿಯೇ ಹೇಳಿದ.

"ಮಾದೇವಾ, ಅದನ್ನ ಅತ್ಲಾಗೆ ಕಿತ್ತಿಡು. ಅದಿಲ್ಲದೆಯೇ ಹೋಗಾನ. ಹೊತ್ತಾಗ್ತದೆ."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಏರ್ ಕ್ಲೀನರ್ ಇಲ್ಲದೆ ಆ ಧೂಳಿನಲ್ಲಿ ಕೊಡ್ಲಿಪೇಟೆಯ ತನಕ ಓಡಿಸಿದರೆ ಎಂಜಿನ್ನಿಗೆ ಏನು ಗತಿಯೆಂದು ಅವನಷ್ಟು ತಿಳಿದವರಿರಲಿಲ್ಲ. ಮಾದೇವನೂ ಬೆಕ್ಕಸ ಬೆರಗಾಗಿ ನೋಡಿದ.

"ಎಂಜಿನ್ ಸವೆದು ಹೋಗುತ್ತಲ್ಲಣ್ಣ."

"ಹೋದ್ರೆ ಹೋಗಲಿ ಬಿಡು. ಎಂಜಿನ್ ಇನ್ನೊಂದು ತರಬೋದು. ಆ ಹುಡುಗಿ ಅಲ್ಲಿ ಕಾದು ಕೂತಿರ್ತಾಳೆ."

ಮಾದೇವನಿಗೆ ಯಾವಾಗಲೂ ಅವಸರ. ಸಿಕ್ಕಿದ್ದೇ ಸಾಕೆಂದು ಹಾರಿ ಕೂತು ಹೊರಡಬೇಕಿತ್ತು. ಆದರೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ರಸ್ತೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. "ಬ್ಯಾಡ ಅಣ್ಣ. ತೊಳ್ದೇ ಹೋಗಾನ" ಎಂದ.

ಸೀಟಿನ ಕೆಳಗೆ ಎಂಜಿನ್ ಎಣ್ಣೆಯ ಡಬ್ಬಿಯೂ ಒಗೆದು ಮಡಿಸಿದ ಬಟ್ಟೆಯೂ ಇದ್ದವು. ಮಾತು ಬಿಟ್ಟಿದ್ದರೂ ಅಣ್ಣ ಅವನ್ನು ಇಡುವುದು ಬಿಟ್ಟಿರಲಿಲ್ಲ. ಇಲ್ಲದ್ದು ಸೀಮೆಎಣ್ಣೆ. ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ತೋಟದ ಲೆಕ್ಕ ಬರೆಯುವ ರೈಟರೊಬ್ಬರು ಬಂದರು. ಮಲೆಯಾಳದ ಕಡೆಯವರು. "ಎಂದಾ ಅಮ್ಮ, ವಂಡಿ ನಿಂತು ಹೋಯ್ತಾ?" ಎಂದು ನನ್ನ ಸೀರೆಯನ್ನು ನೋಡಿ ಗಾಬರಿಯಾದರು. ಎಲ್ಲರೂ ಬದುಕಿದ್ದೇವೆಂದು ಗೊತ್ತಾದ ಮೇಲೆ ಲೈನಿಗೆ ಹೋಗಿ ಒಂದು ಬಾಟಲಿ ಸೀಮೆಎಣ್ಣೆ ತಂದುಕೊಟ್ಟರು.

ಅಣ್ಣ ತಮ್ಮ ಎದುರುಬದುರು ಕೂತರು. ಕೆಸರನ್ನು ಕಡ್ಡಿಯಲ್ಲಿ ಕೆರೆದು ಗುಂಡಿಗೆ ಹಾಕಿದರು. ಸೀರೆ ಹೇಗೂ ಹಾಳಾಗಿತ್ತಲ್ಲ, ಜಾಲರಿ ನನ್ನ ಪಾಲಿಗೆ ಬಂತು. ಅದ್ದು, ಕೊಡಹು, ಮತ್ತೆ ಅದ್ದು ಎಂದು ಅಣ್ಣ ಹೇಳಿದ ಹಾಗೆ ಮಾಡಿದೆ. ಮಾದೇವ ಬಟ್ಟಲಿನ ತಳವನ್ನು ಉಗುರಿನಿಂದ ಕೆರೆಯುತ್ತ, ತಲೆಯೆತ್ತದೆ ಮಾತು ಶುರುಮಾಡಿದ.

"ಇದ್ರಲ್ಲಿ ಸಿದ್ದಾಪುರದ ಧೂಳಿದೆ. ಪಾಲಿಬೆಟ್ಟದ್ದಿದೆ. ಒಂದಿನ ಕೆಲಸ ಏನೂ ಇಲ್ದೆ ಮಾಕುಟ್ಟದ ಚೆಕ್‌ಪೋಸ್ಟ್ ತನಕ ಹೋಗಿ ತಿರುಗಿಸ್ಕೊಂಡು ಬಂದೆ, ಅದೂ ಇದೆ. ಕೊಡ್ಲಿಪೇಟೆ ಧೂಳು ಮಾತ್ರ ಒಂದು ಚಿಟಿಕೆನೂ ಇಲ್ಲ ಅಣ್ಣ. ಹೋಗಿ ಏನು ಹೇಳಲಿ ಅವಳಿಗೆ? ಮಗು ಮುಖ ಕೂಡ ನೋಡ್ಲಿಲ್ಲ ನಾನು."

ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಡಿಸಿದ.

"ಅವತ್ತು ನಾನು ಆಡಿದ್ದು ಈ ಬಟ್ಟಲಿನ ಮಾತು ಕಣೋ."

"ಗೊತ್ತು. ನಂಗೆ ಕೇಳಿದ್ದು ಬೇರೆ."

"ಕೇಳೋ ಹಂಗೇ ಆಡಿದೆ. ಬಾಯಿಗೆ ಬಂದಿದ್ದೇ ಹಂಗೆ. ಆಮೇಲೆ ಒಂದಿನಾನೂ ನಂಗೆ ಅನ್ನ ಸರಿಯಾಗಿ ಇಳಿದಿಲ್ಲ, ನಿಮ್ಮತ್ತಿಗೇನ ಕೇಳು."

ಇಷ್ಟೇ. ಇಬ್ಬರೂ ತಬ್ಬಿಕೊಳ್ಳಲಿಲ್ಲ. ಮಾದೇವ ಮೊಣಕೈಯಿಂದ ಕಣ್ಣೊರೆಸಿಕೊಂಡ, ಮೊಣಕೈಯೂ ಕಪ್ಪಾಗಿದ್ದರಿಂದ ಮುಖದ ತುಂಬ ಮಸಿ ಬಳಿದುಕೊಂಡ. ಅಣ್ಣ ಹೊಸ ಎಣ್ಣೆಯನ್ನು ಸಣ್ಣ ಧಾರೆಯಾಗಿ ಹೊಯ್ದ. ಗೀಟು ಮುಟ್ಟಿದಾಗ ಇಬ್ಬರ ಬಾಯಲ್ಲೂ ಒಟ್ಟಿಗೇ "ಸಾಕು" ಎಂಬ ಮಾತು ಬಂತು. ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ, ಆರಲು ಬಿಟ್ಟು, ನಾವು ಆ ಕೈಯಲ್ಲೇ ರೊಟ್ಟಿ ತಿಂದೆವು. ಸೀಮೆಎಣ್ಣೆಯ ವಾಸನೆಯ ಅಕ್ಕಿರೊಟ್ಟಿ ಅಷ್ಟು ರುಚಿಯಾಗಿರಬಹುದೆಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೀಪು ಮತ್ತೆ ಸದ್ದು ಮಾಡಿತು. ಸೋಮವಾರಪೇಟೆಯ ತನಕ ಎಲ್ಲೂ ಏದುಸಿರಿಲ್ಲದೆ ಹತ್ತಿತು.

ಕೊಡ್ಲಿಪೇಟೆ ಮುಟ್ಟಿದಾಗ ಬಿಸಿಲು ಹೆಂಚಿನ ಮೇಲಕ್ಕೆ ಸರಿದಿತ್ತು. ನೀಲಳ ತಂದೆ ಜಗಲಿಯಲ್ಲೇ ಕೂತಿದ್ದರು. ಎದ್ದು ಬರಲಿಲ್ಲ.

"ಗುರುವಾರ ಅಂದ್ರೆ ಗುರುವಾರ ಮುಗಿಯೋ ಹೊತ್ತಿಗೆ ಅಂತ ತಿಳ್ಕೊಂಡ್ರಾ?"

ಅಣ್ಣ ಮೆಟ್ಟಿಲ ಕೆಳಗೇ ನಿಂತು ಕೈ ಮುಗಿದ. "ತಡವಾಗಿದ್ದು ಇವತ್ತಲ್ಲ ಮಾವಯ್ಯ, ಮೂರು ತಿಂಗಳಿಂದ ತಡವಾಗಿದೆ. ಅವನಿಗೆ ಎದೆ ಗಟ್ಟಿ ಸಾಲಲಿಲ್ಲ. ಕೈ ಹಿಡಿದು ಕರ್ಕೊಂಡು ಬರಬೇಕಾಗಿದ್ದವನು ನಾನು, ಬರಲಿಲ್ಲ. ಏನು ಅನ್ನೋದಿದ್ರೂ ನನಗನ್ನಿ."

ಅವರು ಅಣ್ಣನ ಎಣ್ಣೆಗೈಯನ್ನು, ನನ್ನ ಸೀರೆಯನ್ನು, ಅಂಗಳದ ನಡುವೆ ಮಸಿ ಮುಖ ಹೊತ್ತು ನಿಂತಿದ್ದ ಅಳಿಯನನ್ನು ಒಂದೊಂದಾಗಿ ನೋಡಿದರು. ಆ ಕೈಯಲ್ಲಿ ಬಾಗಿಲು ಮುಟ್ಟುವಂತಿರಲಿಲ್ಲ, ಒಳಗೆ ಬಾ ಎಂದು ಕರೆದವರೂ ಇಲ್ಲ. ಹಾಗೇ ನಿಂತಿದ್ದ ಮಾದೇವ.

ನೀಲ ಒಳಗಿನಿಂದ ಒಂದು ಬಿಂದಿಗೆ ನೀರು, ಸೀಗೆಪುಡಿ ಹಿಡಿದು ಬಂದಳು. ತುಂಬ ಇಳಿದುಹೋಗಿದ್ದಳು. ಯಾರ ಮುಖವನ್ನೂ ನೋಡದೆ ಅವನ ಕೈಗೆ ಪುಡಿ ಸುರಿದು ನೀರು ಹೊಯ್ದಳು. ಉಜ್ಜಿದಷ್ಟೂ ಕರಿ ಹೋಗುತ್ತಿರಲಿಲ್ಲ. ಅವಳೂ ಹೊಯ್ಯುವುದನ್ನು ನಿಲ್ಲಿಸಲಿಲ್ಲ. ಬಿಂದಿಗೆ ಬರಿದಾಗುವ ಹೊತ್ತಿಗೆ ಕೇಳಿದಳು.

"ಮಗೂನ ಎಲ್ಲಿ ಇಟ್ಟಿದ್ದಾರೆ ಅಂತನಾದ್ರೂ ಗೊತ್ತಾ ನಿಮಗೆ?"

"ಗೊತ್ತಿಲ್ಲ" ಎಂದ ಮಾದೇವ. "ತೋರಿಸ್ತೀಯಾ?"

ಅವಳು ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು ಹಿತ್ತಿಲ ಕಡೆ ನಡೆದಳು. ಇವನು ಒದ್ದೆ ಕೈಯಲ್ಲೇ ಹಿಂದೆ ಹೋದ. ತೋಟದೊಳಗೆ ಇಬ್ಬರೂ ಮರೆಯಾಗುವ ತನಕ ನಾವು ನೋಡುತ್ತಿದ್ದೆವು. ಆಮೇಲೆ ನೀಲಳ ತಂದೆ ಗಂಟಲು ಸರಿಮಾಡಿಕೊಂಡು, ಒಳಗಿನವರಿಗೆ ಕೇಳುವಂತೆ, "ಬಂದವರಿಗೆ ಕಾಫಿ ಕೊಡೋದಿಲ್ವೇನು ಈ ಮನೇಲಿ?" ಎಂದರು. ಅವರಿಬ್ಬರು ಮರಳಿದ್ದು ದೀಪ ಹಚ್ಚುವ ಹೊತ್ತಿಗೆ. ಇಬ್ಬರ ಕಣ್ಣೂ ಕೆಂಪಾಗಿದ್ದವು. ಅಲ್ಲಿ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಷ್ಟು ವರ್ಷ ಎಲ್ಲದಕ್ಕೂ ನಡುವೆ ಬಾಯಿ ಹಾಕಿದ ನನಗೆ ಆ ಒಂದು ವಿಷಯದಲ್ಲಿ ಸುಮ್ಮನಿದ್ದೆನೆಂಬ ಸಮಾಧಾನವಿದೆ.

ಮರುದಿನ ಬೆಳಿಗ್ಗೆ ನೀಲ ನಮ್ಮ ಜೊತೆ ಹೊರಟಳು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಮುಂದೆ ಅಣ್ಣತಮ್ಮ ಇಬ್ಬರೂ ಬೇಸಿಗೆಯಿಡೀ ನುಂಗಿದ್ದ ಮಾತನ್ನೆಲ್ಲ ಒಂದೇ ಸಲಕ್ಕೆ ಹೊರಗೆ ಹಾಕಲು ಹೊರಟವರಂತೆ ವಾದಕ್ಕೆ ಬಿದ್ದರು. ಗೇರು ಹೀಗೆ ಹಾಕಬೇಕು, ಹಾಗಲ್ಲ. ಈ ತಿರುವಿನಲ್ಲಿ ಹಾರನ್ ಹೊಡೆಯಬೇಕು, ಬೇಡ. ನಮ್ಮಿಬ್ಬರಿಗೆ ಒಂದು ಮಾತಿಗೂ ಸಂದು ಸಿಗಲಿಲ್ಲ. ಶನಿವಾರಸಂತೆಯಲ್ಲಿ ಜೀಪು ನಿಲ್ಲಿಸಿ, ಕಾಫಿ ತರುತ್ತೇವೆಂದು ವಾದ ಮಾಡುತ್ತಲೇ ಹೋಟೆಲಿನೊಳಗೆ ಹೋದರು.

ರಸ್ತೆ ಒಮ್ಮೆಗೇ ಸದ್ದಡಗಿತು. ನೀಲ ಮಡಿಲಲ್ಲಿದ್ದ ಹೊಸ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು.

"ಅಕ್ಕಾ, ಬರೋದೇನೋ ಬಂದಿದೀನಿ. ಆದ್ರೆ ಅವರ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ."

ಹಿರಿಯಳಾಗಿ ಏನಾದರೂ ಬುದ್ಧಿ ಹೇಳಬೇಕಾದ ಜಾಗ ಅದು. ಹೆಣ್ಣಾದವಳು ಹೀಗಿರಬೇಕು, ಹಾಗಿರಬೇಕು ಎಂಬ ಮಾತುಗಳು ನನಗೂ ಸಾಕಷ್ಟು ಗೊತ್ತಿದ್ದವು. ಅವಳ ಮುಖ ನೋಡಿ ಅವೊಂದೂ ಬಾಯಿಗೆ ಬರಲಿಲ್ಲ.

"ಸಿಟ್ಟನ್ನೂ ಹತ್ತಿಸ್ಕೊಂಡು ಬಾರಮ್ಮ" ಎಂದೆ. "ಹಿಂದುಗಡೆ ಜಾಗ ಇದೆ."

ನೀಲ ನನ್ನನ್ನೇ ನೋಡಿದಳು. ತುಟಿಯ ಕೊನೆಯಲ್ಲಿ ನಗುವಿನಂಥದ್ದು ಬಂದು ಹೋಯಿತು. ಆಮೇಲೆ, ಯಾರಿಗೋ ಜಾಗ ಬಿಡುವವಳ ಹಾಗೆ, ನನ್ನ ಕಡೆಗೆ ತುಸು ಸರಿದು ಕೂತಳು.